ಬೈಲು, ಮಜಲು, ಬೆಟ್ಟು: ಡಾಕ್ಟರ್ ಬುಕನನ್ನನ ಜೀವಿತ

ಕಳೆದ ವರ್ಷದ ಆಟಿ ತಿಂಗಳಲ್ಲಿ, ಹೊರಗೆ ಮಳೆ ಹನಿಕಡಿಯದೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ, ನಮ್ಮ ಕಾಲೇಜಿನ ಭೂಗೋಳ ವಿಭಾಗದ ಮಿತ್ರರೊಬ್ಬರು ಒಂದು ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು. ಮಾನವ ಭೂಗೋಳವನ್ನು ಕನ್ನಡದಲ್ಲಿ ಓದುವ ವಿದ್ಯಾರ್ಥಿಗಳಿಗಾಗಿ ಆ ಶಾಸ್ತ್ರದ ಮುಖ್ಯ ಪಾರಿಭಾಷಿಕ ಪದಗಳ ಪಟ್ಟಿಯೊಂದು ಸಿದ್ಧವಾಗಬೇಕಾಗಿತ್ತು. ಅರ್ಥವನ್ನು ಅವರು ಹೇಳುವುದು, ಶಬ್ದವನ್ನು ನಾನು ಒದಗಿಸುವುದು ಎಂದು ನಮ್ಮೊಳಗೆ ಒಪ್ಪಂದವಾಯಿತು. ಕನ್ನಡ ಎಂ.ಎ. ಮಾಡಿದವನಿಗೆ ಇದಕ್ಕಿಂತ ಮಿಗಿಲಾದ ಮರ್ಯಾದೆ ಯಾವುದಿದ್ದೀತು? ನಾನು ಉಬ್ಬಿಹೋದೆ. ಎರಡೇ ವಾರಗಳಲ್ಲಿ ಜನಸಾಂದ್ರತೆ, ವಸತಿವಿನ್ಯಾಸ, ಭೂಬಳಕೆ, ಸಾಂಸ್ಕೃತಿಕ ಭೂದೃಶ್ಯ, ಜೀವನವಿಧಾನ ಎಂದು ಮುಂತಾಗಿ ಹಾಳೆಗಳು ತುಂಬಿದವು. ವಲಸೆ ಎಂಬ ಒಂದು ಮಾತನ್ನು ಬಿಟ್ಟರೆ ಆ ಪಟ್ಟಿಯಲ್ಲಿ ಸಂಸ್ಕೃತದ ಮಡಿಯನ್ನು ಉಡದ ಶಬ್ದವೇ ಇರಲಿಲ್ಲವೆನ್ನಬೇಕು. ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಕಡಿದು ಮಾಡಿದ ಗದ್ದೆಗೆ ನಾನು ಸೋಪಾನಕ್ಷೇತ್ರವೆಂದು ಹೆಸರಿಟ್ಟಿದ್ದೆ. ಹೇಳಲು ನಾಚಿಕೆಯೇನು, ಆ ಶಬ್ದದ ಮೇಲೆ ನನಗೆ ವಿಶೇಷವಾದ ಪ್ರೀತಿಯೂ ಇತ್ತು.

ಪಟ್ಟಿಯನ್ನು ತರಗತಿಯಲ್ಲಿ ಓದಿ ವಿವರಿಸುತ್ತಿದ್ದಾಗ ಬೆಳ್ತಂಗಡಿ ಕಡೆಯ ಹುಡುಗನೊಬ್ಬ ಎದ್ದುನಿಂತು, ಸಾರ್, ಅದು ಮಜಲು ಅಲ್ಲವೇ ಎಂದು ಕೇಳಿದ. ಕೇಳಿದುದರಲ್ಲಿ ಕುಚೋದ್ಯವಿರಲಿಲ್ಲ, ನಿಜವಾದ ಸಂಶಯವಷ್ಟೆ ಇತ್ತು. ಹೌದು, ಅದು ಮಜಲೇ. ನಾನು ಹುಟ್ಟಿ ಬೆಳೆದುದು ಬಂಟ್ವಾಳ ತಾಲೂಕಿನ ಒಂದು ಮಜಲುಗದ್ದೆಯ ಅಂಚಿನ ಮನೆಯಲ್ಲಿ. ಮನೆಯ ಕೆಳಗಿನದು ಬೈಲು, ಮನೆಯ ಮಟ್ಟದ್ದು ಮಜಲು, ಮೇಲಿನದು ಬೆಟ್ಟು ಎಂಬುದನ್ನು ನಾನು ಅಕ್ಷರಾಭ್ಯಾಸಕ್ಕೆ ಮೊದಲೇ ಕಲಿತಿದ್ದೆ. ಲೇಖನಿ ಹಿಡಿದೊಡನೆ ಅದನ್ನು ಮರೆತೆನಲ್ಲ ಎಂಬ ಸಂಕೋಚವು ಅಂದು ಸಂಜೆಯವರೆಗೂ ನನ್ನನ್ನು ಬಿಡಲಿಲ್ಲ. ಎಲ್ಲಿಯೋ ಈ ಮೂರು ಮಾತುಗಳನ್ನು ಒಟ್ಟಿಗೆ, ಅದೂ ಇಂಗ್ಲಿಷ್ ಪುಸ್ತಕವೊಂದರಲ್ಲಿ, ಅಚ್ಚಾಗಿ ಕಂಡಿದ್ದೆನೆಂಬ ನೆನಪು ಮಾತ್ರ ಮಸಕಾಗಿ ಇತ್ತು. ಗ್ರಂಥಾಲಯದಲ್ಲಿ ಹುಡುಕಿದಾಗ ಅದು ಫ್ರಾನ್ಸಿಸ್ ಬುಕನನ್ನನ ಪ್ರವಾಸಗ್ರಂಥದ ಮೂರನೆಯ ಸಂಪುಟವೆಂದು ತಿಳಿಯಿತು.

ನಮ್ಮ ಚರಿತ್ರೆಯ ವಿದ್ಯಾರ್ಥಿಗಳಿಗೆ ಬುಕನನ್ ಅಪರಿಚಿತನಲ್ಲ. ಟಿಪ್ಪುವಿನ ಪತನದ ಬಳಿಕದ ಕರ್ನಾಟಕವನ್ನು ಕುರಿತು ಬರೆಯುವವರೆಲ್ಲ ಆತನ ಮನೆಯ ಬಾಗಿಲು ತಟ್ಟಿಯೇ ಮುಂದೆ ಹೋಗುತ್ತಾರೆ. ಆದರೆ ಆತನನ್ನು ಅಡಿಟಿಪ್ಪಣಿಯಾಗಿ ಬಲ್ಲವರು ಬಹಳ. ಮನುಷ್ಯನಾಗಿ ಬಲ್ಲವರು ಕಡಿಮೆ. ನಾನೂ ಆ ಮೊದಲಿನವರ ಗುಂಪಿನವನೇ ಆಗಿದ್ದೆ.

ಆತ ಹುಟ್ಟಿದುದು ೧೭೬೨ರ ಫೆಬ್ರವರಿ ೧೫ರಂದು, ಸ್ಕಾಟ್ಲೆಂಡಿನಲ್ಲಿ. ತಂದೆ ವೈದ್ಯ, ತಾಯಿ ಹ್ಯಾಮಿಲ್ಟನ್ ಎಂಬ ಆಸ್ತಿವಂತ ಮನೆತನದ ಹೆಣ್ಣುಮಗಳು. ಹಿರಿಯ ಮಗನಾಗಿರದ ಕಾರಣ ಆಸ್ತಿಯನ್ನು ನಂಬಿ ಕೂಡುವಂತಿರಲಿಲ್ಲ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯವನ್ನು ಓದಿ ೧೭೮೩ರಲ್ಲಿ ಪದವಿಯನ್ನು ಪಡೆದನು. ಅಲ್ಲಿ ಸಸ್ಯಶಾಸ್ತ್ರವನ್ನು ಕಲಿಸುತ್ತಿದ್ದ ಜಾನ್ ಹೋಪ್ ಎಂಬ ಗುರುವಿನ ಪ್ರಭಾವ ಈತನ ಮೇಲೆ ಬಾಳಿನುದ್ದಕ್ಕೂ ಉಳಿಯಿತು. ಗಿಡವನ್ನು ಕಂಡರೆ ನಿಂತು ನೋಡಬೇಕು, ಹೆಸರು ಕೇಳಬೇಕು, ಎಲ್ಲಿ ಯಾವ ಮಣ್ಣಿನಲ್ಲಿ ಬೆಳೆಯಿತೆಂದು ಬರೆದಿಡಬೇಕು ಎಂಬುದು ಆ ವಿದ್ಯೆಯ ಮೊದಲ ಪಾಠ. ಬುಕನನ್ ಮುಂದೆ ಮನುಷ್ಯರನ್ನೂ ಹಾಗೆಯೇ ನೋಡಿದನು. ಇದು ಆತನ ದೊಡ್ಡಸ್ತಿಕೆಯೂ ಹೌದು, ಕೊರತೆಯೂ ಹೌದು.

ಹಲವು ವರ್ಷ ಹಡಗಿನ ವೈದ್ಯನಾಗಿ ದುಡಿದ ಮೇಲೆ ೧೭೯೪ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯರ ಸಾಲಿಗೆ ಸೇರಿದನು. ಮರುವರ್ಷವೇ ಬರ್ಮಾದ ಆವಾ ರಾಜ್ಯಕ್ಕೆ ಹೊರಟ ಮೈಕೇಲ್ ಸೈಮ್ಸನ ರಾಯಭಾರದೊಂದಿಗೆ ವೈದ್ಯನಾಗಿ ನಡೆದನು. ರಾಯಭಾರದ ವೈದ್ಯನಿಗೆ ಬಿಡುವು ಬೇಕಾದಷ್ಟು ದೊರೆತಿರಬೇಕು. ಆತ ಗಿಡಗಳನ್ನು ಕೂಡಿಸಿದಂತೆಯೇ ಶಬ್ದಗಳನ್ನೂ ಕೂಡಿಸಿದನು. ಆ ದೇಶದ ಬೇರೆ ಬೇರೆ ಜನರ ಮಾತುಗಳನ್ನು ಹೋಲಿಸಿ ಬರೆದ ಲೇಖನವು ೧೭೯೯ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಪುಟದಲ್ಲಿ ಪ್ರಕಟವಾಯಿತು. ನಡುವೆ ೧೭೯೮ರಲ್ಲಿ, ಸಂಬಾರ ಪದಾರ್ಥಗಳನ್ನು ಬೆಳೆಯಲು ತಕ್ಕ ನೆಲವಿದೆಯೇ ಎಂದು ನೋಡಿಬರುವುದಕ್ಕಾಗಿ ಚಿತ್ತಗಾಂಗಿನ ಸೀಮೆಯನ್ನು ಸುತ್ತಿ ಬಂದನು. ಕಂಪೆನಿಗೆ ಬೇಕಾಗಿದ್ದುದು ಮೆಣಸು. ಈತನ ದಿನಚರಿಯಲ್ಲಿ ಅದರೊಂದಿಗೆ ಗುಡ್ಡಗಾಡಿನ ಜನರೂ ಬಂದು ಸೇರಿದರು.

ಶ್ರೀರಂಗಪಟ್ಟಣವು ೧೭೯೯ರ ಮೇ ೪ರಂದು ಬಿದ್ದಿತು. ಕೈಗೆ ಬಂದ ನಾಡು ಎಂಥದು, ಅದರಲ್ಲಿ ಏನು ಬೆಳೆಯುತ್ತದೆ, ಯಾರು ಉಳುತ್ತಾರೆ, ಯಾರು ಉಣ್ಣುತ್ತಾರೆ ಎಂಬುದು ಗೆದ್ದವರಿಗೆ ತಿಳಿಯದು. ಗವರ್ನರ್ ಜನರಲ್ ವೆಲ್ಲೆಸ್ಲಿಯು ೧೮೦೦ರ ಫೆಬ್ರವರಿಯಲ್ಲಿ ಬುಕನನ್ನನಿಗೆ ಒಂದು ಆಜ್ಞಾಪತ್ರವನ್ನು ಕೊಟ್ಟು, ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರನ್ನು ಸುತ್ತಿ ವರದಿ ಮಾಡಲು ಕಳುಹಿಸಿದನು. ಬೇಸಾಯಕ್ಕೆ ಮೊದಲ ಸ್ಥಾನ, ಅನಂತರ ಜಾನುವಾರು, ಹತ್ತಿ, ಮೆಣಸು, ಶ್ರೀಗಂಧ, ಏಲಕ್ಕಿ, ಗಣಿ ಮತ್ತು ಕೈಗಾರಿಕೆ, ಹವೆ, ಕಡೆಗೆ ಜನರ ಸ್ಥಿತಿಗತಿ. ಆ ಪತ್ರದಲ್ಲಿ ಮನುಷ್ಯರು ಬರುವ ಹೊತ್ತಿಗೆ ಓದುಗನಿಗೆ ದಣಿವಾಗಿರುತ್ತದೆ. ಅದರ ಹಿಂದೆ ಸ್ಕಾಟ್ಲೆಂಡಿನದೇ ಒಂದು ಮಾದರಿಯೂ ಇದ್ದಿತು. ಸರ್ ಜಾನ್ ಸಿಂಕ್ಲೇರ್ ಎಂಬಾತನು ಆ ನಾಡಿನ ಊರೂರಿನ ಪಾದ್ರಿಗಳಿಗೆ ಪ್ರಶ್ನೆಗಳ ಪಟ್ಟಿಯನ್ನು ಕಳುಹಿಸಿ, ಬಂದ ಉತ್ತರಗಳನ್ನು ೧೭೯೧ರಿಂದ ೧೭೯೯ರವರೆಗೆ ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದ್ದನು. ಪಾದ್ರಿಗಳಿಲ್ಲದ ನಾಡಿನಲ್ಲಿ ಆ ಪ್ರಶ್ನೆಗಳನ್ನು ಕಾಲ್ನಡಿಗೆಯ ವೈದ್ಯನೊಬ್ಬನು ಕೇಳಬೇಕಾಯಿತು ಎನ್ನೋಣ.

ಆತ ಮದರಾಸಿನಿಂದ ಹೊರಟುದು ೧೮೦೦ರ ಏಪ್ರಿಲ್ ೨೩ರಂದು. ಮರಳಿದುದು ೧೮೦೧ರ ಜುಲೈ ೬ರಂದು. ಹದಿನಾಲ್ಕು ತಿಂಗಳಿಗೂ ಮಿಕ್ಕಿದ ಪ್ರಯಾಣ. ಮಾನವ ಭೂಗೋಳವೆಂಬ ಶಾಸ್ತ್ರಕ್ಕೆ ಆಗ ಹೆಸರೂ ಇರಲಿಲ್ಲ. ಜರ್ಮನಿಯ ರಾಟ್ಜೆಲ್ ಆ ಬಗೆಗಿನ ತನ್ನ ಗ್ರಂಥದ ಮೊದಲ ಸಂಪುಟವನ್ನು ಪ್ರಕಟಿಸಿದುದು ೧೮೮೨ರಲ್ಲಿ. ಫ್ರಾನ್ಸಿನ ವಿದಾಲ್ ದ ಲಾ ಬ್ಲಾಷನ ಗ್ರಂಥವು ಆತ ತೀರಿಕೊಂಡ ಮೇಲೆ, ೧೯೨೨ರಲ್ಲಿ ಬೆಳಕು ಕಂಡಿತು. ಬುಕನನ್ ನಮ್ಮ ಗದ್ದೆಗಳ ಅಂಚಿನಲ್ಲಿ ನಿಂತಿದ್ದ ಹೊತ್ತಿಗೆ ಮಹಾಪಂಡಿತನಾದ ಹಂಬೋಲ್ಟನು ದಕ್ಷಿಣ ಅಮೆರಿಕದ ಕಾಡು ಬೆಟ್ಟಗಳನ್ನು ಸುತ್ತುತ್ತಿದ್ದನು. ಹಂಬೋಲ್ಟನಿಗೆ ಪ್ರತಿಭೆಯಿತ್ತು, ಸ್ವಂತ ಹಣವಿತ್ತು. ಬುಕನನ್ನನಿಗೆ ಸಂಬಳವೂ ತಾಳ್ಮೆಯೂ ಇದ್ದವು.

ತಾಳ್ಮೆಯೆಂದರೆ ಎಂಥ ತಾಳ್ಮೆ! ತಂಗಿದ ಊರಿನಲ್ಲಿ ಬೇಸಾಯಗಾರರನ್ನು, ವ್ಯಾಪಾರಿಗಳನ್ನು, ನೇಕಾರರನ್ನು, ಗಾಣದವರನ್ನು ಕರೆಸಿ ಒಂದೊಂದಾಗಿ ಕೇಳುವನು. ಒಬ್ಬನು ಹೇಳಿದುದನ್ನು ಇನ್ನೊಬ್ಬನ ಮಾತಿನೊಡನೆ ತಾಳೆ ನೋಡುವನು. ಕನ್ನಡವಾಗಲಿ ತುಳುವಾಗಲಿ ಆತನಿಗೆ ಬಾರದು; ಎಲ್ಲವೂ ದುಭಾಷಿಗಳ ಬಾಯಿಯಿಂದಲೇ ಆಗಬೇಕು. ಹೊಸ ಸರಕಾರದ ಸಾಹೇಬನು ಬಂದು ಬೆಳೆಯ ಲೆಕ್ಕ ಕೇಳಿದರೆ ತೆರಿಗೆ ಏರುವುದೆಂದು ಯಾರಿಗೆ ತಾನೆ ಹೊಳೆಯದು? ಒಕ್ಕಲುಗಳು ಕಡಿಮೆ ಮಾಡಿ ಹೇಳುತ್ತಾರೆಂಬುದನ್ನು ಆತನೂ ಬಲ್ಲನು. ಬಲ್ಲೆನೆಂದು ಮತ್ತೆ ಮತ್ತೆ ಬರೆದಿದ್ದಾನೆ. ಬ್ರಾಹ್ಮಣರನ್ನು ಕಂಡರೆ ಆತನಿಗೆ ಆಗದು. ಟಿಪ್ಪುವಿನ ವಿಚಾರ ಬಂದಾಗ ತಕ್ಕಡಿ ಒಂದು ಕಡೆಗೆ ವಾಲಿಬಿಡುತ್ತದೆ. ಆದರೆ ಭತ್ತ, ಅಡಕೆ, ಮಣ್ಣು, ಗೊಬ್ಬರ, ಗೇಣಿಗಳ ಮಾತು ಬಂದಾಗ ಈ ಮನುಷ್ಯ ನಂಬಿಕೆಗೆ ಅರ್ಹನು. ಆಗ ಆತನಿಗೆ ಪೂರ್ವಗ್ರಹವನ್ನು ತೋರಿಸಲು ಪುರಸೊತ್ತೇ ಇಲ್ಲ.

ಮಲಬಾರಿನ ಅಂಗಡಿಪುರದಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಬೇಕು. ೧೮೦೦ನೆಯ ಇಸವಿಯ ಕೊನೆಯಲ್ಲಿ ಆತ ಅಲ್ಲಿದ್ದನು. ಆ ಊರಿನ ಜನ ನೆಲದೊಳಗಿಂದ ಕೆಂಪಾದ, ತೂತುತೂತಾದ ಒಂದು ಬಗೆಯ ಕಲ್ಲನ್ನು ತೆಗೆಯುತ್ತಿದ್ದರು. ನೆಲದಲ್ಲಿರುವಾಗ ಅದು ಮೆತುವು. ಕಬ್ಬಿಣದ ಹತಾರದಿಂದ ಬೇಕಾದ ಆಕಾರಕ್ಕೆ ಕಡಿಯಬಹುದು. ಹೊರಗೆ ತೆಗೆದು ಗಾಳಿಗಿಟ್ಟರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಅದರ ಹೆಸರೇನೆಂದು ಕೇಳಿದಾಗ ಇಟ್ಟಿಗೆಕಲ್ಲು ಎಂಬ ಉತ್ತರ ಬಂದಿತು. ಯೂರೋಪಿನ ಶಾಸ್ತ್ರಜ್ಞರಲ್ಲಿ ಆ ಕಲ್ಲಿಗೆ ಹೆಸರಿರಲಿಲ್ಲ. ಆತ ತನ್ನ ಹೆಸರನ್ನಾಗಲಿ, ತನ್ನನ್ನು ಕಳುಹಿಸಿದ ಪ್ರಭುವಿನ ಹೆಸರನ್ನಾಗಲಿ ಅದಕ್ಕೆ ಹಚ್ಚಲಿಲ್ಲ. ಕಲ್ಲು ಕಡಿಯುವವನ ಮಾತನ್ನೇ ಲ್ಯಾಟಿನ್ನಿಗೆ ತಿರುಗಿಸಿದನು. ಲ್ಯಾಟಿನ್ನಿನಲ್ಲಿ ಲೇಟರ್ ಎಂದರೆ ಇಟ್ಟಿಗೆ. ಹೀಗೆ ಲ್ಯಾಟರೈಟ್ ಹುಟ್ಟಿತು. ಇಂದು ಆಫ್ರಿಕದಲ್ಲಿಯೂ ಬ್ರೆಜಿಲಿನಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ಮಣ್ಣಿನ ವಿದ್ಯಾರ್ಥಿಗಳು ಅಂಗಡಿಪುರದ ಆ ಕೆಲಸಗಾರನ ಮಾತನ್ನು ಅರಿಯದೆಯೇ ಆಡುತ್ತಿದ್ದಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ೧೯೭೯ರಲ್ಲಿ ಅಲ್ಲಿ ಒಂದು ಸ್ಮಾರಕವನ್ನು ನಿಲ್ಲಿಸಿತು. ಮಂಗಳೂರಿನವರಿಗೆ ಈ ಕಲ್ಲನ್ನು ಪರಿಚಯಿಸುವ ಅಗತ್ಯವಿಲ್ಲ. ನಮ್ಮ ಮನೆಗಳ ಗೋಡೆ, ಬಾವಿಯ ಕಟ್ಟೆ, ಹಿತ್ತಿಲಿನ ಪಾಗಾರ ಎಲ್ಲವೂ ಅದರದೇ. ನಾವು ಅದನ್ನು ಮುರಕಲ್ಲು ಎನ್ನುತ್ತೇವೆ, ಕೆಂಪುಕಲ್ಲು ಎನ್ನುತ್ತೇವೆ. ಪಾಠಪುಸ್ತಕ ಬರೆಯುವಾಗ ಮಾತ್ರ ಲ್ಯಾಟರೈಟ್ ಶಿಲೆ ಎಂದು ಬರೆದು, ಅದಕ್ಕೊಂದು ಕನ್ನಡ ಪದವಿದೆಯೇ ಎಂದು ಪರದಾಡುತ್ತೇವೆ.

೧೮೦೧ರ ಜನವರಿಯಲ್ಲಿ ಬುಕನನ್ ಚಂದ್ರಗಿರಿ ಹೊಳೆಯನ್ನು ದಾಟಿ, ಮಂಜೇಶ್ವರ ಉಳ್ಳಾಲಗಳ ಹಾದಿಯಾಗಿ ಮಂಗಳೂರಿಗೆ ಬಂದನು. ಥಾಮಸ್ ಮನ್ರೋ ಇಲ್ಲಿನ ಕಲೆಕ್ಟರಿಕೆಯನ್ನು ಬಿಟ್ಟು ಹೋಗಿ ಹೆಚ್ಚು ಕಾಲವಾಗಿರಲಿಲ್ಲ. ಜಿಲ್ಲೆಯನ್ನು ಎರಡು ಭಾಗ ಮಾಡಿ, ದಕ್ಷಿಣದ ಭಾಗವನ್ನು ರೇವನ್‌ಷಾ ಎಂಬ ಅಧಿಕಾರಿಗೆ ವಹಿಸಲಾಗಿತ್ತು. ಬುಕನನ್ನನಿಗೆ ಮೊದಲು ಕಣ್ಣಿಗೆ ಬಿದ್ದುದು ಹೆಸರಿನ ತೊಡಕು. ಕಂಪೆನಿಯ ಕಾಗದಗಳಲ್ಲಿ ಈ ಕರಾವಳಿಯೆಲ್ಲ ಕೆನರಾ. ಆದರೆ ಕರ್ನಾಟಕವೆಂಬುದು ಘಟ್ಟದ ಮೇಲಿನ ನಾಡಿನ ಹೆಸರೆಂದೂ, ಮೇಲಿನ ಅರಸರ ಆಳ್ವಿಕೆಯೊಡನೆ ಅದು ಕೆಳಕ್ಕೆ ಇಳಿದುಬಂದಿತೆಂದೂ, ಇಲ್ಲಿನವರ ಲೆಕ್ಕದಲ್ಲಿ ದಕ್ಷಿಣಕ್ಕೆ ತುಳುವ, ಉತ್ತರಕ್ಕೆ ಹೈವ ಎಂಬ ಬೇರೆ ಬೇರೆ ಸೀಮೆಗಳಿವೆಯೆಂದೂ ಆತ ಗುರುತಿಸಿದನು. ಆಳುವವನು ಗೆರೆ ಎಳೆದ ಪ್ರದೇಶ ಒಂದು, ಬಾಳುವವನು ತನ್ನದೆಂದು ತಿಳಿದ ಪ್ರದೇಶ ಇನ್ನೊಂದು ಎಂಬ ಭೇದವನ್ನು ನನ್ನ ಮಿತ್ರರು ಇಂದು ಎರಡು ತಾಸು ಪಾಠ ಮಾಡಿ ತಿಳಿಸುತ್ತಾರೆ. ಆ ಬಳಿಕವೂ ಗೆರೆಗಳು ಸುಮ್ಮನಿರಲಿಲ್ಲ. ಉತ್ತರದ ಭಾಗವು ೧೮೬೨ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ೧೯೯೭ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಚಂದ್ರಗಿರಿ ಹೊಳೆ ಮಾತ್ರ ಇದ್ದಲ್ಲಿಯೇ ಇದೆ.

ಇನ್ನು ಆ ಮೂರು ಮಾತುಗಳಿಗೆ ಬರೋಣ. ತುಳುನಾಡಿನ ಗದ್ದೆಗಳನ್ನು ಒಂದೇ ಬಗೆಯೆಂದು ಎಣಿಸಬಾರದೆಂದು ಒಕ್ಕಲುಗಳು ಆತನಿಗೆ ತಿಳಿಸಿದರು. ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ, ತೋಡಿನ ನೀರು ಬಹುಕಾಲ ಹರಿಯುವಲ್ಲಿ ಇರುವುದು ಬೈಲು. ಅದಕ್ಕಿಂತ ಮೇಲೆ, ಮೆಟ್ಟಿಲಾಗಿ ಕಡಿದು ಮಾಡಿದುದು ಮಜಲು. ಇನ್ನೂ ಮೇಲೆ, ಮಳೆಯ ನೀರೊಂದನ್ನೇ ನಂಬಿದುದು ಬೆಟ್ಟು. ಒಳ್ಳೆಯ ಬೈಲಿನಲ್ಲಿ ಏಣಿಲು, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಒಂದೇ. ನೆಲದ ಎತ್ತರ, ನೀರಿನ ಆಯುಷ್ಯ, ಬೆಳೆಯ ಸಂಖ್ಯೆ, ತೀರ್ವೆಯ ದರ ಎಲ್ಲವೂ ಒಂದೊಂದು ಎರಡಕ್ಷರ ಮೂರಕ್ಷರದ ಮಾತಿನೊಳಗೆ ಅಡಗಿ ಕುಳಿತಿವೆ. ಪರಿಭಾಷೆಯೆಂದರೆ ಇದಲ್ಲದೆ ಇನ್ನೇನು? ಬುಕನನ್ ಇವುಗಳನ್ನು ಇಂಗ್ಲಿಷಿಗೆ ತಿರುಗಿಸುವ ಸಾಹಸಕ್ಕೆ ಹೋಗಲಿಲ್ಲ. ಕಿವಿಗೆ ಬಿದ್ದಂತೆ, ತನ್ನ ಕಾಗುಣಿತದಲ್ಲಿ, ನಾವು ಗುರುತು ಹಿಡಿಯಲು ತುಸು ಪ್ರಯಾಸಪಡುವಂತೆ ಬರೆದುಕೊಂಡು ಅರ್ಥವನ್ನು ವಿವರಿಸಿದನು. ಲಂಡನ್ನಿನ ಓದುಗನು ಬೇಕಾದರೆ ಕಲಿತುಕೊಳ್ಳಲಿ ಎಂಬ ಭಾವ.

ಈ ಮಾತುಗಳು ಊರ ಹೆಸರುಗಳಾಗಿ ನಮ್ಮ ನಡುವೆ ಈಗಲೂ ಇವೆ. ವಕೀಲರ ಕಚೇರಿಗಳೂ ಅಂಗಡಿಗಳೂ ಕಿಕ್ಕಿರಿದ ಕೊಡಿಯಾಲಬೈಲಿನಲ್ಲಿ ಬೈಲು ಎಲ್ಲಿದೆಯೆಂದು ಹುಡುಕುವವರು ಮಳೆಗಾಲದಲ್ಲಿ ಹೋಗಿ ನೋಡಬೇಕು. ನೀರು ತನ್ನ ಹಳೆಯ ವಿಳಾಸವನ್ನು ಮರೆತಿರುವುದಿಲ್ಲ. ಬಂಟ್ವಾಳ ತಾಲೂಕಿನಲ್ಲಿ ಮೇರಮಜಲು ಇದೆ, ಉಡುಪಿಯಲ್ಲಿ ಕುಂಜಿಬೆಟ್ಟು ಇದೆ. ಘಟ್ಟದ ಮೇಲಿನಂತೆ ಮನೆಗೆ ಮನೆ ಒತ್ತಿಕೊಂಡಿರುವ ಹಳ್ಳಿಗಳು ನಮ್ಮಲ್ಲಿ ಏಕಿಲ್ಲವೆಂಬುದಕ್ಕೂ ಈ ಮೂರು ಮಾತುಗಳೇ ಉತ್ತರ. ಪ್ರತಿಯೊಬ್ಬ ಒಕ್ಕಲಿಗೂ ತನ್ನ ಬೈಲಿನ ಅಂಚಿನಲ್ಲಿ, ನೀರಿಗೆ ಮೇಲಾಗಿ, ಕಾಡಿನ ಸೊಪ್ಪಿಗೆ ಹತ್ತಿರವಾಗಿ ಮನೆ ಬೇಕು. ಒಂದು ಮನೆಯಿಂದ ಇನ್ನೊಂದು ಮನೆಗೆ ಕೂಗು ಕೇಳಿದರೆ ಅದೇ ನೆರೆ. ಚದುರಿದ ವಸತಿವಿನ್ಯಾಸ ಎಂದು ನಾನು ಪಟ್ಟಿಯಲ್ಲಿ ಬರೆದುದರ ಅರ್ಥ ಇಷ್ಟೇ.

ಗೇಣಿಯ ವಿಚಾರದಲ್ಲಿಯೂ ಆತ ಹೀಗೆಯೇ ನಡೆದುಕೊಂಡನು. ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳನ್ನು ಅವುಗಳ ಸೂಕ್ಷ್ಮ ಭೇದದೊಡನೆ ದಾಖಲಿಸಿದನು. ಮೂಲಗೇಣಿಯವನು ಗೊತ್ತಾದ ಗೇಣಿಯನ್ನು ಕೊಡುತ್ತಿರುವವರೆಗೆ ಅವನನ್ನು ಎಬ್ಬಿಸುವಂತಿಲ್ಲ. ಚಾಲಗೇಣಿಯವನು ಧನಿಗಳ ಮನಸ್ಸಿದ್ದಷ್ಟು ದಿನ. ಈ ಪುಟಗಳನ್ನು ಓದುವಾಗ ನನಗೆ ನನ್ನ ಅಜ್ಜನ ನೆನಪಾಗದಿರಲಿಲ್ಲ. ಅವರು ಚಾಲಗೇಣಿಯ ಒಕ್ಕಲಾಗಿದ್ದವರು. ೧೯೭೪ರ ಭೂಸುಧಾರಣೆಯ ತಿದ್ದುಪಡಿ ಬಂದ ಮೇಲೆ ಡಿಕ್ಲರೇಶನ್ ಹಾಕಿ ಆ ಮಜಲನ್ನು ತಮ್ಮದನ್ನಾಗಿ ಮಾಡಿಕೊಂಡರು. ಧನಿಗಳ ಮನೆಗೆ ಅಕ್ಕಿಮುಡಿ ಹೊತ್ತ ಹೆಗಲಿನ ಕಥೆಯನ್ನು ಮಕ್ಕಳಾದ ನಾವು ಅವರ ಬಾಯಿಂದಲೇ ಕೇಳಿದ್ದೇವೆ. ಬುಕನನ್ನನ ಪುಸ್ತಕದಲ್ಲಿ ಚಾಲಗೇಣಿ ಎಂಬುದು ಒಂದು ಒಪ್ಪಂದದ ಬಗೆ. ನಮ್ಮ ಮನೆಯಲ್ಲಿ ಅದು ಒಂದು ಹೆದರಿಕೆಯ ಹೆಸರಾಗಿತ್ತು. ಎರಡೂ ಸರಿಯೇ.

ಮಂಗಳೂರಿನಲ್ಲಿ ಆತ ಕಂಡ ಇನ್ನೊಂದು ದೃಶ್ಯ ವಲಸೆಯದು. ೧೭೮೪ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಈ ಸೀಮೆಯ ಕ್ರೈಸ್ತರನ್ನು ಸಹಸ್ರಾರು ಸಂಖ್ಯೆಯಲ್ಲಿ ಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದಿದ್ದರು. ಹದಿನೈದು ವರ್ಷಗಳ ಸೆರೆಯಲ್ಲಿ ಸತ್ತವರು ಸತ್ತು, ಉಳಿದವರು ೧೭೯೯ರ ಬಳಿಕ ಮರಳುತ್ತಿದ್ದರು. ಬುಕನನ್ ಬರುವ ವೇಳೆಗೆ ಅವರು ಬಂದು ಎರಡು ವರ್ಷವೂ ಆಗಿರಲಿಲ್ಲ. ಅವರ ಗದ್ದೆಗಳಲ್ಲಿ ಬೇರೆಯವರು ಕುಳಿತಿದ್ದರು, ಇಗರ್ಜಿಗಳು ನೆಲಸಮವಾಗಿದ್ದವು. ನೇತ್ರಾವತಿಯ ದಂಡೆಯ ಫರಂಗಿಪೇಟೆಯೂ ಆತನ ದಾರಿಯಲ್ಲಿ ಸಿಕ್ಕಿತು. ಹೋದವರು ಮರಳಿ ಬಂದಾಗ ಊರು ಅದೇ ಊರಾಗಿರುತ್ತದೆಯೇ ಎಂಬ ಪ್ರಶ್ನೆಯನ್ನು ಆತ ಕೇಳಿದವನಲ್ಲ. ಯಾರ ಬಳಿ ಎಷ್ಟು ನೆಲವಿದೆ, ಅವರು ದುಡಿಮೆಗಾರರೇ ಎಂಬುದೇ ಆತನಿಗೆ ಮುಖ್ಯ. ಓದುಗನೇ ಸಾಲುಗಳ ನಡುವೆ ಉಳಿದುದನ್ನು ತುಂಬಿಕೊಳ್ಳಬೇಕು.

ಆತನ ವಿಷಯದಲ್ಲಿ ನನಗಿರುವ ಮುಖ್ಯ ದೂರನ್ನು ಮುಚ್ಚಿಡಲಾರೆ. ಆಗ ಈ ಜಿಲ್ಲೆಯಲ್ಲಿ ನೆಲದೊಂದಿಗೆ ಮನುಷ್ಯರೂ ಮಾರಾಟವಾಗುತ್ತಿದ್ದರು. ಮೂಲದ ಆಳುಗಳೆಂದು ಕರೆಸಿಕೊಂಡ ಅವರನ್ನು ಧನಿಗಳು ಕೊಳ್ಳಬಹುದು, ಕೊಡಬಹುದು, ಅಡವಿಡಬಹುದು. ಬುಕನನ್ ಇದನ್ನು ಕಂಡನು, ಬರೆದನು. ಗಂಡಾಳಿಗೆ ದಿನಕ್ಕೆ ಎಷ್ಟು ಅಕ್ಕಿ, ಹೆಣ್ಣಾಳಿಗೆ ಎಷ್ಟು, ವರ್ಷಕ್ಕೆ ಬಟ್ಟೆ ಎಷ್ಟು ಎಂಬ ಲೆಕ್ಕವು ಕೋಣಗಳ ಬೆಲೆಯ ಲೆಕ್ಕದಷ್ಟೇ ಅಚ್ಚುಕಟ್ಟಾಗಿದೆ. ಮಲಬಾರಿನಲ್ಲಿ ಅವರ ಸೊರಗಿದ ಮೈಯನ್ನು ಕಂಡು ಎರಡು ಮಾತು ಬರೆದುದುಂಟು. ಅದೂ ವೈದ್ಯನ ಮಾತು, ಆಮೇಲೆ ಮತ್ತೆ ಲೆಕ್ಕ. ಗಿಡಕ್ಕೆ ಹೆಸರು ಕೇಳಿದವನು, ಕಲ್ಲಿಗೆ ಹೆಸರು ಕೇಳಿದವನು, ಆ ಗದ್ದೆಯಲ್ಲಿ ಬಗ್ಗಿ ನಿಂತಿದ್ದ ಒಬ್ಬ ಆಳಿನ ಹೆಸರನ್ನು ಕೇಳಲಿಲ್ಲ. ಕಂಪೆನಿಯ ಕಾನೂನು ಅವರ ದಾಸ್ಯಕ್ಕೆ ಮಾನ್ಯತೆಯನ್ನು ತೆಗೆದುದು ೧೮೪೩ರಲ್ಲಿ. ಗದ್ದೆಯಲ್ಲಿ ಅದು ತೊಲಗಲು ಮತ್ತಷ್ಟು ತಲೆಮಾರುಗಳು ಬೇಕಾದವು. ಆದರೂ ಒಂದು ಮಾತನ್ನು ಒಪ್ಪಬೇಕು. ಆತ ಆ ಲೆಕ್ಕವನ್ನು ಬರೆದಿಡದಿದ್ದರೆ, ಹಾಗೆ ಇರಲೇ ಇಲ್ಲವೆಂದು ಹೇಳುವವರಿಗೆ ತೋರಿಸಲು ಇಂದು ನಮ್ಮ ಕೈಯಲ್ಲಿ ಬಹಳವೇನೂ ಇರುತ್ತಿರಲಿಲ್ಲ.

ಮಂಗಳೂರಿನಿಂದ ಬಂಟ್ವಾಳ, ಬೆಳ್ತಂಗಡಿ, ಜಮಾಲಾಬಾದ್, ವೇಣೂರು, ಮೂಡುಬಿದಿರೆ, ಕಾರ್ಕಳಗಳಾಗಿ ಉಡುಪಿಗೆ. ಅಲ್ಲಿಂದ ಕರಾವಳಿಯ ಗುಂಟ ಉತ್ತರಕ್ಕೆ ಸಾಗಿ ಘಟ್ಟ ಹತ್ತಿದನು. ಜೈನರಿಂದ ಅವರ ಮತದ ವಿವರಗಳನ್ನೂ, ಬಂಟರಿಂದ ಅಳಿಯಸಂತಾನದ 
ಕ್ರಮವನ್ನೂ ಕೇಳಿ ಬರೆದುಕೊಂಡನು. ಆಸ್ತಿ ತಂದೆಯಿಂದ ಮಗನಿಗೆ ಹೋಗದೆ ಸೋದರಮಾವನಿಂದ ಸೋದರಳಿಯನಿಗೆ ಹೋಗುವ ಈ ಏರ್ಪಾಡಿನ ವಿವರಕ್ಕೆ ಆತ ಪುಟಗಳನ್ನು ಮೀಸಲಿಟ್ಟುದರ ಸ್ವಾರಸ್ಯವು ಆತನ ಬಾಳಿನ ಕೊನೆಯಲ್ಲಿ ತಿಳಿಯುತ್ತದೆ.

ಪ್ರವಾಸದ ದಿನಚರಿಯು ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ದಪ್ಪ ಸಂಪುಟಗಳಾಗಿ ಅಚ್ಚಾಯಿತು. ವಿಷಯವಾರು ಜೋಡಿಸಿ ತಿದ್ದದೆ ದಿನಚರಿಯ ರೂಪದಲ್ಲಿಯೇ ಅದು ಹೊರಬಂದಿತು. ಓದುವವನಿಗೆ ಇದರಿಂದ ಕಷ್ಟವೇ; ಒಂದೇ ಪುಟದಲ್ಲಿ ಎಣ್ಣೆಗಾಣ, ಶಾಸನ, ಜ್ವರ, ಗೇಣಿ ಎಲ್ಲವೂ ಬರುತ್ತವೆ. ನನಗೇನೋ ಹಾಗಿದ್ದುದೇ ಲೇಸೆನಿಸುತ್ತದೆ. ವಿಂಗಡಿಸಿದ್ದರೆ ಊರುಗಳು ಮಾಯವಾಗಿ ಕೋಷ್ಟಕಗಳು ಉಳಿಯುತ್ತಿದ್ದವು.

ಮುಂದಿನ ಬಾಳನ್ನು ಬೇಗನೆ ಹೇಳಿ ಮುಗಿಸಬಹುದು. ೧೮೦೨ರಲ್ಲಿ ನೇಪಾಳಕ್ಕೆ ಹೋದ ರಾಯಭಾರದೊಂದಿಗೆ ಹೋಗಿ ಒಂದು ವರ್ಷ ಅಲ್ಲಿದ್ದನು. ವೆಲ್ಲೆಸ್ಲಿಯ ವೈದ್ಯನಾಗಿ ಬಂದು ಕಲ್ಕತ್ತೆಯ ಹತ್ತಿರದ ಬ್ಯಾರಕ್‌ಪುರದಲ್ಲಿ ಪ್ರಾಣಿಸಂಗ್ರಹಾಲಯವನ್ನು ನೋಡಿಕೊಂಡನು. ೧೮೦೭ರಿಂದ ಏಳು ವರ್ಷ ಬಂಗಾಳ ಬಿಹಾರಗಳ ಜಿಲ್ಲೆಗಳನ್ನು, ಗೋರಖಪುರದವರೆಗೂ, ನಮ್ಮ ನಾಡನ್ನು ನೋಡಿದುದಕ್ಕಿಂತಲೂ ಸಾವಧಾನವಾಗಿ ಅಳೆದು ಬರೆದನು. ಹೊಳೆಗಳನ್ನು ಸುತ್ತುವಾಗ ಮೀನುಗಳನ್ನು ಗುರುತಿಸಿದನು. ಬಂಗಾಳಿಗಳ ಪ್ರಾಣವಾದ ಹಿಲ್ಸಾ ಮತ್ತು ರೋಹು ಮೀನುಗಳ ಶಾಸ್ತ್ರೀಯ ನಾಮಗಳಲ್ಲಿ ಅವುಗಳ ಊರ ಹೆಸರೇ ನಿಂತಿರುವುದು ಈತನಿಂದ. ಇಲ್ಲಿಯೂ ಅದೇ ಅಭ್ಯಾಸ ನೋಡಿ. ಬೆಸ್ತನು ಇಲಿಶ್ ಎಂದರೆ ಲ್ಯಾಟಿನ್ನಿನಲ್ಲಿ ಇಲಿಶಾ. ಚಾರೋಳಿ ಮರದ ಕುಲಕ್ಕೆ ಮಾತ್ರ ಬೇರೊಬ್ಬ ವಿದ್ವಾಂಸನು ಬುಕನಾನಿಯ ಎಂದು ಈತನ ಹೆಸರನ್ನೇ ಇಟ್ಟನು.

೧೮೧೪ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಣೆ ಆತನಿಗೆ ಬಂದಿತು. ಬರುವ ಹೊತ್ತಿಗೆ ದೇಹ ಬಳಲಿತ್ತು. ಮರುವರ್ಷ ಊರಿಗೆ ಹೊರಟಾಗ, ಇಪ್ಪತ್ತು ವರ್ಷ ತಾನು ಕೂಡಿಸಿದ ಗಿಡ ಮೃಗ ಮೀನುಗಳ ಚಿತ್ರಗಳನ್ನು ಜೊತೆಯಲ್ಲಿ ಒಯ್ಯಬಯಸಿದನು. ಆಗಿನ ಗವರ್ನರ್ ಜನರಲ್ ಲಾರ್ಡ್ ಮೊಯಿರಾ ಅದಕ್ಕೆ ಒಪ್ಪಲಿಲ್ಲ. ಸರಕಾರದ ಸಂಬಳದಲ್ಲಿ ಬರೆಯಿಸಿದುವು ಸರಕಾರದ ಸೊತ್ತು ಎಂಬುದು ನಿಲುವು. ಚಿತ್ರಗಳು ಕಲ್ಕತ್ತೆಯಲ್ಲಿಯೇ ಉಳಿದವು. ಈ ಪೆಟ್ಟನ್ನು ಆತ ಕೊನೆಯವರೆಗೂ ಮರೆಯಲಿಲ್ಲ. ಊರೂರಿನಲ್ಲಿ ಯಾವ ನೆಲ ಯಾರದೆಂದು ಬರೆದುಕೊಂಡು ತಿರುಗಿದವನಿಗೆ ತನ್ನ ದುಡಿಮೆಯ ಮೇಲೆ ತನ್ನದೇ ಹಕ್ಕು ಚಾಲಗೇಣಿಯದೆಂದು ತಿಳಿದುದು ಆಗ.

ಸ್ಕಾಟ್ಲೆಂಡಿಗೆ ಮರಳಿದ ಮೇಲೆ ತಾಯಿಯ ಮನೆತನದ ಆಸ್ತಿ ಈತನಿಗೆ ಬಂದಿತು. ಅದರೊಡನೆ ಆ ಮನೆತನದ ಹೆಸರೂ ಬಂದು, ಡಾಕ್ಟರ್ ಬುಕನನ್ನನು ಡಾಕ್ಟರ್ ಹ್ಯಾಮಿಲ್ಟನ್ನನಾದನು. ತಾಯಿಯ ಕಡೆಯಿಂದ ಆಸ್ತಿ, ತಾಯಿಯ ಕಡೆಯಿಂದ ಹೆಸರು! ತುಳುನಾಡಿನ ಯಾವ ಬಂಟ ಮನೆಯ ಹಿರಿಯರಿಗೂ ಇದನ್ನು ಬಿಡಿಸಿ ಹೇಳುವ ಅಗತ್ಯ ಬೀಳುತ್ತಿರಲಿಲ್ಲ. ಲೆನಿ ಎಂಬಲ್ಲಿ ನೆಲೆಸಿ ನೇಪಾಳದ ಗ್ರಂಥವನ್ನು ೧೮೧೯ರಲ್ಲಿ, ಗಂಗೆಯ ಮೀನುಗಳ ಗ್ರಂಥವನ್ನು ೧೮೨೨ರಲ್ಲಿ ಪ್ರಕಟಿಸಿದನು. ಕಡೆಯ ವರ್ಷಗಳಲ್ಲಿ ತಾನೇ ಬುಕನನ್ ಕುಲದ ಯಜಮಾನನೆಂದು ಹಳೆಯ ಪತ್ರಗಳನ್ನು ಹುಡುಕಿ ಸಾಧಿಸಿದನು. ೧೮೨೯ರ ಜೂನ್ ೧೫ರಂದು ತೀರಿಕೊಂಡನು.

ಬಂಗಾಳದ ಆ ಏಳು ವರ್ಷಗಳ ಬರಹವು ಕೈಬರಹದಲ್ಲಿಯೇ ಉಳಿದಿತ್ತು. ೧೮೩೮ರಲ್ಲಿ ಮಾಂಟ್‌ಗೊಮೆರಿ ಮಾರ್ಟಿನ್ ಎಂಬಾತನು ಅದನ್ನು ಕತ್ತರಿಸಿ ಮೂರು ಸಂಪುಟಗಳಾಗಿ ಅಚ್ಚು ಹಾಕಿಸಿದನು. ಮುಖಪುಟದಲ್ಲಿ ಬುಕನನ್ನನ ಹೆಸರಿರಲಿಲ್ಲ.

ಈ ಕಥೆಯನ್ನೆಲ್ಲ ಓದಿ ಮುಗಿಸಿದ ಮೇಲೆ ನಾನು ನನ್ನ ಪಟ್ಟಿಯಲ್ಲಿ ಸೋಪಾನಕ್ಷೇತ್ರವನ್ನು ಹೊಡೆದುಹಾಕಿ ಮಜಲು ಎಂದು ಬರೆದೆ. ಮಿತ್ರರು ಒಪ್ಪಲಿಲ್ಲ. ಅವರು ಘಟ್ಟದ ಮೇಲಿನವರು. ಅವರ ಕಡೆ ಮಜಲು ಎಂದರೆ ಪ್ರಯಾಣದ ಒಂದು ಹಂತ, ದಣಿವಾರಿಸಿಕೊಳ್ಳುವ ಎಡೆ. ಧಾರವಾಡದ ಹುಡುಗನು ಇದನ್ನು ಓದಿ ಗದ್ದೆಯೆಂದು ತಿಳಿಯುವನೇ ಎಂಬ ಅವರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಲ್ಯಾಟರೈಟ್ ಕೂಡ ಒಂದು ಕಾಲಕ್ಕೆ ಅಂಗಡಿಪುರದಲ್ಲಿ ಮಾತ್ರ ತಿಳಿಯುವ ಮಾತಾಗಿತ್ತಲ್ಲ ಎಂದು ನಾನು ವಾದಿಸಿದೆ. ಹಾಗಾದರೆ ನೀವೂ ಲ್ಯಾಟಿನ್ನಿಗೆ ತಿರುಗಿಸಿಕೊಡಿ ಎಂದು ನಕ್ಕರು. ಸದ್ಯಕ್ಕೆ ಎರಡೂ ಶಬ್ದಗಳು ಪಕ್ಕಪಕ್ಕದಲ್ಲಿ ನಿಂತಿವೆ.

ಆ ಬೆಳ್ತಂಗಡಿಯ ಹುಡುಗನು ದಸರಾ ರಜೆ ಮುಗಿಸಿ ಬಂದಾಗ ಒಂದು ಹಾಳೆಯನ್ನು ತಂದುಕೊಟ್ಟ. ಅವನ ಮನೆಯ ಮಜಲು ಬೈಲುಗಳೆಲ್ಲ ಈಗ ಅಡಕೆ ತೋಟವಾಗಿವೆ. ಹಿಂದೆ ಅಲ್ಲಿದ್ದ ಒಂದೊಂದು ಗದ್ದೆಗೂ ಒಂದೊಂದು ಹೆಸರಿತ್ತಂತೆ. ಅಜ್ಜಿಯನ್ನು ಕೇಳಿ ಕೇಳಿ ಹದಿನೇಳು ಹೆಸರುಗಳನ್ನು ಬರೆದುಕೊಂಡು ಬಂದಿದ್ದ. ನಾಲ್ಕೈದರ ಅರ್ಥ ಅವನ ಅಜ್ಜಿಗೂ ತಿಳಿಯದು. ನನಗೂ ಇನ್ನೂ ತಿಳಿದಿಲ್ಲ.